ರೂಪ ಬದಲಿಸುವವರ ಸರಣಿ: ಯಾವ ಮೊದಲ ಪುಸ್ತಕದಿಂದ ಶುರು ಮಾಡಬೇಕು?

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಚಿರತೆಯೊಂದು ಸುಳಿದಾಡಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಬೋನುಗಳನ್ನಿಟ್ಟರು, ಸಕ್ರೆಬೈಲಿನಿಂದ ಆನೆಗಳನ್ನೂ ಕರೆಸಿದರು. ಚಿರತೆ ಸಿಗಲಿಲ್ಲ. ಊರಿನ ನಡುವೆ ಇದ್ದ ಪ್ರಾಣಿ ಹೀಗೆ ಮಾಯವಾದರೆ ಜನರ ಕಲ್ಪನೆ ಸುಮ್ಮನಿರುವುದಿಲ್ಲ. ಅದು ಹಗಲು ಹೊತ್ತು ಕ್ಯಾಂಪ್ ಪ್ರದೇಶದ ಯಾವುದೋ ಕಚೇರಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಡತ ನೋಡುತ್ತಿದೆ ಎಂದು ಯಾರಾದರೂ ತಮಾಷೆ ಮಾಡಿದರೆ ಸಾಕು, ಅರ್ಬನ್ ಫ್ಯಾಂಟಸಿಯ ಬೀಜ ಬಿತ್ತಿದಂತೆಯೇ. ಈ ಬಗೆಯ ಕಾದಂಬರಿಯಲ್ಲಿ ಅದ್ಭುತಕ್ಕೆ ಬೇರೆ ಲೋಕ ಬೇಕಿಲ್ಲ. ಬಸ್ಸು, ಬಾಡಿಗೆ, ಪೊಲೀಸ್ ಠಾಣೆ ಇರುವ ನಮ್ಮಂಥದೇ ಊರಿನಲ್ಲಿ ಪಕ್ಕದ ಮನೆಯವನು ತೋಳವಾಗುತ್ತಾನೆ, ಅಷ್ಟೇ.

ಇಂಗ್ಲಿಷ್‌ನಲ್ಲಿ ಇಂಥ ಕಥೆಗಳು 2000ದ ನಂತರದ ಹತ್ತು ವರ್ಷಗಳಲ್ಲಿ ರಾಶಿರಾಶಿಯಾಗಿ ಬಂದವು. ಈಗಲೂ ಓದುಗರು ಒಬ್ಬರಿಗೊಬ್ಬರು ಹೇಳುವ ಹೆಸರುಗಳಲ್ಲಿ ಹೆಚ್ಚಿನವು ಆ ಕಾಲದವೇ. ತೊಡಕೆಂದರೆ ಎಲ್ಲವೂ ಸರಣಿಗಳು. ಹತ್ತು, ಹದಿಮೂರು, ಹದಿನೈದು ಸಂಪುಟಗಳವರೆಗೆ ಬೆಳೆದಿವೆ. ಮೊದಲ ಪುಸ್ತಕ ಕೈಕೊಟ್ಟರೆ ಓದುಗ ಇಡೀ ಬಗೆಯ ಮೇಲೆಯೇ ಮುನಿಸಿಕೊಳ್ಳುತ್ತಾನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರಿಗೆ ಇನ್ನೂ ಒಂದು ಕಷ್ಟವಿದೆ. ನಮ್ಮ ಪುಸ್ತಕದಂಗಡಿಗಳ ಕಪಾಟುಗಳನ್ನು ಪಠ್ಯಪುಸ್ತಕಗಳೂ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೂ ಹಿಡಿದುಕೊಂಡಿವೆ. ನಿಂತು ನಾಲ್ಕು ಪುಟ ತಿರುವಿ ನೋಡಿ ಕೊಳ್ಳುವ ಸುಖ ಈ ಪುಸ್ತಕಗಳ ಮಟ್ಟಿಗೆ ಇಲ್ಲವೇ ಇಲ್ಲ ಎನ್ನಬೇಕು. ಮೊಬೈಲಿನಲ್ಲಿ ಮುಖಪುಟ ನೋಡಿ ತರಿಸಬೇಕು, ಮುಖಪುಟಗಳೋ ಒಂದೂ ನಿಜ ಹೇಳುವುದಿಲ್ಲ.

ಹಾಗಾಗಿ ಐದು ಸರಣಿಗಳ ಮೊದಲ ಪುಸ್ತಕಗಳನ್ನು ಇಲ್ಲಿ ಎದುರುಬದುರು ಇಟ್ಟು ನೋಡುತ್ತೇನೆ. ಒಂದರ ಬಗ್ಗೆ ಹೆಚ್ಚು ಮಾತಾಡುತ್ತೇನೆ, ಏಕೆಂದರೆ ಗುಣವೂ ದೋಷವೂ ಅದರಲ್ಲಿಯೇ ಹೆಚ್ಚು.

ಅಳತೆಗೋಲು

ರೂಪ ಬದಲಿಸುವವರ ಕಥೆಯಲ್ಲಿ ನಾನು ಮೊದಲು ನೋಡುವುದು ಪ್ರಾಣಿಯನ್ನಲ್ಲ, ಉಳಿದ ಇಪ್ಪತ್ತು ಗಂಟೆಯ ಮನುಷ್ಯನನ್ನು. ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ? ಬಾಡಿಗೆ ಯಾರು ಕೊಡುತ್ತಾರೆ? ನೆರೆಯವರೊಂದಿಗೆ ಹೇಗಿದ್ದಾಳೆ? ಹಲ್ಲು, ಉಗುರು, ಹುಣ್ಣಿಮೆಗಳನ್ನು ಯಾರು ಬೇಕಾದರೂ ಬರೆಯಬಹುದು. ಬೆಳಗಾದ ಮೇಲೆ ಕೆಲಸಕ್ಕೆ ಹೋಗುವ ಹೆಂಗಸನ್ನು ಬರೆಯುವುದು ಕಷ್ಟ.

ಎರಡನೆಯದು ಬೆಲೆ. ರೂಪ ಬದಲಿಸಲು ಏನನ್ನು ತೆರಬೇಕು? ಈ ವಿಷಯದಲ್ಲಿ ನಮ್ಮ ಜನಪದ ಕಥೆಗಳು ಬಹಳ ಕಟ್ಟುನಿಟ್ಟು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಹೂವಿನ ಮರವಾಗುವ ಹುಡುಗಿಯ ಕಥೆ ಇದೆ. ಒಂದು ಕೊಡ ನೀರು ಸುರಿದರೆ ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ನಡುವೆ ಟೊಂಗೆ ಮುರಿದರೆ ಮಾತ್ರ ಹಿಂದಿರುಗಿದ ದೇಹಕ್ಕೆ ಕೈಕಾಲು ಇರುವುದಿಲ್ಲ. ನಿಯಮ ಎರಡು ಸಾಲಿನದು, ಅದನ್ನು ಮುರಿದದ್ದಕ್ಕೆ ತೆರಬೇಕಾದ ದಂಡ ಇಡೀ ಕಥೆಯಷ್ಟು. 1992ರಲ್ಲಿ ಗಿರೀಶ ಕಾರ್ನಾಡರು ಇದನ್ನೇ 'ಚೆಲುವಿ' ಎಂಬ ಹಿಂದಿ ಚಿತ್ರವಾಗಿಸಿದರು. ಈ ಕಥೆ ಕೇಳಿ ಬೆಳೆದವರಿಗೆ ಬೇಕೆಂದಾಗ ತೋಳವಾಗಿ, ಸಾಕೆಂದಾಗ ಮನುಷ್ಯನಾಗಿ, ಮೈಮೇಲೆ ಗೀರೂ ಇಲ್ಲದೆ ಊಟಕ್ಕೆ ಕೂರುವ ನಾಯಕರು ಬೇಗ ಬೇಸರ ತರಿಸುತ್ತಾರೆ.

ಮೂರನೆಯದು ಸರಳ: ಮೊದಲ ಪುಸ್ತಕ ತಾನು ಎತ್ತಿಕೊಂಡ ಕಥೆಯನ್ನು ತಾನೇ ಮುಗಿಸುತ್ತದೆಯೇ, ಅಥವಾ ಮುಂದಿನ ಸಂಪುಟದ ಜಾಹೀರಾತಾಗಿ ನಿಲ್ಲುತ್ತದೆಯೇ?

ಮೂನ್ ಕಾಲ್ಡ್: ಗ್ಯಾರೇಜಿನಲ್ಲೊಂದು ಕಯೋಟಿ

ಪ್ಯಾಟ್ರೀಷಿಯಾ ಬ್ರಿಗ್ಸ್ ಅವರ 'ಮೂನ್ ಕಾಲ್ಡ್' ಬಂದದ್ದು 2006ರಲ್ಲಿ. ನಾಯಕಿ ಮರ್ಸಿ ಥಾಂಪ್ಸನ್ ಇತಿಹಾಸದಲ್ಲಿ ಪದವಿ ಪಡೆದವಳು, ಫೋಕ್ಸ್‌ವ್ಯಾಗನ್ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜು ನಡೆಸುತ್ತಾಳೆ. ಪದವಿಗೂ ಉದ್ಯೋಗಕ್ಕೂ ಸಂಬಂಧವಿಲ್ಲದಿರುವುದನ್ನು ನಮ್ಮ ಕಡೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅವಳು ಕಯೋಟಿಯಾಗಿ ಬದಲಾಗಬಲ್ಲಳು. ಕಯೋಟಿ ಉತ್ತರ ಅಮೆರಿಕದ ಪ್ರಾಣಿ. ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಬಹಳ ಚಿಕ್ಕದು. ಅವಳ ಹಿತ್ತಿಲಿನ ಆಚೆಗೆ ಆ ಪ್ರದೇಶದ ತೋಳಮಾನವರ ಮುಖ್ಯಸ್ಥ ಆಡಮ್‌ನ ಮನೆ. ಒಂದು ದಿನ ಹಸಿದ ಹುಡುಗನೊಬ್ಬ ಗ್ಯಾರೇಜಿಗೆ ಬಂದು ಕೆಲಸ ಕೇಳುತ್ತಾನೆ. ಅವನು ಹೊಸದಾಗಿ ತೋಳಮಾನವನಾದವನು, ಅವನನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಕಥೆ ಅಲ್ಲಿಂದ ಓಡುತ್ತದೆ.

ಈ ಪುಸ್ತಕದ ದೊಡ್ಡ ಗುಣ ನಾಯಕಿಯ ಪ್ರಾಣಿ ದುರ್ಬಲವಾಗಿರುವುದು. ಇಲ್ಲಿನ ತೋಳಮಾನವರು ದೈತ್ಯಗಾತ್ರದವರು, ಅವರ ಮುಂದೆ ಕಯೋಟಿ ಒಂದು ತುತ್ತು. ಅವಳಿಗಿರುವುದು ಓಟ, ಮೂಗು, ಯಾರ ಕಣ್ಣಿಗೂ ಬೀಳದಿರುವ ಜಾಣತನ. ರೂಪ ಬದಲಿಸಲು ಅವಳಿಗೆ ಕ್ಷಣ ಸಾಕು, ನೋವಿಲ್ಲ, ಚಂದ್ರನ ಹಂಗಿಲ್ಲ. ತೋಳಮಾನವರಿಗೆ ಅದೇ ಕೆಲಸ ನಿಧಾನ ಮತ್ತು ಯಾತನೆ. ಬೆಲೆಯ ಅಳತೆಗೋಲಿನಲ್ಲಿ ಅವಳು ಸೋಲಬೇಕಿತ್ತು. ಬ್ರಿಗ್ಸ್ ಲೆಕ್ಕವನ್ನು ಬೇರೆ ಕಡೆಯಿಂದ ಸರಿದೂಗಿಸುತ್ತಾರೆ: ಬದಲಾದ ಮೇಲೂ ಅವಳು ಬಲಶಾಲಿಯಾಗುವುದಿಲ್ಲ, ಮನುಷ್ಯಳಾಗಿ ಹಿಂದಿರುಗಿದಾಗ ಬಟ್ಟೆ ಬೇರೆಲ್ಲೋ ಬಿದ್ದಿರುತ್ತದೆ. ಪ್ರತಿ ಜಗಳದಲ್ಲೂ ಅವಳು ಯೋಚಿಸಲೇಬೇಕು. ನಾಯಕಿಯೇ ಎಲ್ಲರಿಗಿಂತ ಬಲಶಾಲಿಯಾಗಿರುವ ಸರಣಿಗಳಲ್ಲಿ ಇಲ್ಲದ ಆತಂಕ ಇಲ್ಲಿ ಸಿಗುವುದು ಇದರಿಂದಲೇ.

ಎರಡನೆಯ ಗುಣ ಸ್ಥಳ. ಕಥೆ ನ್ಯೂಯಾರ್ಕಿನಲ್ಲಿ ನಡೆಯುವುದಿಲ್ಲ. ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ಕೆನೆವಿಕ್, ಪ್ಯಾಸ್ಕೊ, ರಿಚ್‌ಲೆಂಡ್ ಎಂಬ ಮೂರು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಟ್ಟಾಗಿ ಟ್ರೈ-ಸಿಟೀಸ್ ಎನ್ನುತ್ತಾರೆ. ಕೊಲಂಬಿಯಾ, ಸ್ನೇಕ್, ಯಾಕಿಮಾ ನದಿಗಳು ಅಲ್ಲಿ ಕೂಡುತ್ತವೆ. ಸುತ್ತಲೂ ಒಣ ಬಯಲು, ನೀರಾವರಿ ತಲುಪಿದ ಕಡೆ ಮಾತ್ರ ಹಸಿರು, ಮೇಲೆ ಕೆಳಗೆ ಅಣೆಕಟ್ಟುಗಳು. ವಿಜಯಪುರದ ಬಯಲನ್ನೂ ಆಲಮಟ್ಟಿಯ ಹಿನ್ನೀರನ್ನೂ ಕಂಡವರಿಗೆ ಈ ನೆಲ ಅಪರಿಚಿತ ಎನಿಸುವುದಿಲ್ಲ. ಲಂಡನ್, ಷಿಕಾಗೊಗಳ ಮಂಜು ತುಂಬಿದ ಗಲ್ಲಿಗಳಲ್ಲೇ ಪವಾಡ ನಡೆಯಬೇಕು ಎಂಬ ರೂಢಿಯನ್ನು ಮುರಿದು, ಎಲ್ಲರಿಗೂ ಎಲ್ಲರ ಪರಿಚಯವಿರುವ ಸಣ್ಣ ಊರನ್ನು ಬ್ರಿಗ್ಸ್ ಆರಿಸಿಕೊಂಡರು. ಗುಟ್ಟು ಕಾಯುವುದು ದೊಡ್ಡ ನಗರಕ್ಕಿಂತ ಇಂಥ ಊರಿನಲ್ಲಿ ಎಷ್ಟು ಕಷ್ಟ ಎಂಬುದು ಜಮಖಂಡಿಯಲ್ಲೋ ಗೋಕಾಕದಲ್ಲೋ ಬೆಳೆದವರಿಗೆ ಚೆನ್ನಾಗಿ ಗೊತ್ತು.

ಮೂರನೆಯದು ನೆರೆಹೊರೆಯ ಹಾಸ್ಯ. ಆಡಮ್ ಶಿಸ್ತಿನವನು, ಅಚ್ಚುಕಟ್ಟಿನ ಮನೆ. ಮರ್ಸಿ ಅವನ ಕಿಟಕಿಗೆ ಕಾಣುವಂತೆ ತನ್ನ ಅಂಗಳದಲ್ಲಿ ಒಂದು ಗುಜರಿ ಕಾರು ನಿಲ್ಲಿಸಿದ್ದಾಳೆ. ಅವನು ಸಿಟ್ಟು ಬರಿಸಿದಾಗಲೆಲ್ಲ ಅದರ ಒಂದು ಭಾಗ ಬಿಚ್ಚಿ ಇನ್ನಷ್ಟು ವಿಕಾರ ಮಾಡುತ್ತಾಳೆ. ಅವಳಿಗೆ ಗ್ಯಾರೇಜು ಮಾರಿದ ಮುದುಕ ಜೀ, ಲೋಹದ ಕೆಲಸ ಬಲ್ಲ ಮಾಂತ್ರಿಕ ಕುಲದವನು. ಸ್ಟೀಫನ್ ಎಂಬ ರಕ್ತಪಿಶಾಚಿ ಮಕ್ಕಳ ಕಾರ್ಟೂನಿನ ವ್ಯಾನಿನಂತೆ ಬಣ್ಣ ಬಳಿದ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲಿ ಓಡಾಡುತ್ತಾನೆ, ಅದರ ರಿಪೇರಿಗೆ ಅವಳ ಬಳಿಗೇ ಬರುತ್ತಾನೆ. ಲೋಕದ ಪರಿಚಯವೆಲ್ಲ ಹೀಗೆ ವ್ಯವಹಾರದ ಮೂಲಕವೇ ಆಗುತ್ತದೆ, ಉಪನ್ಯಾಸದ ಮೂಲಕವಲ್ಲ. ಮೊದಲ ನೂರು ಪುಟಗಳ ಮಟ್ಟಿಗೆ ಈ ಮಾತು ನಿಜ.

ಆಮೇಲೆ ದೋಷಗಳು ತಲೆಯೆತ್ತುತ್ತವೆ. ಗಾಯಗೊಂಡ ಆಡಮ್‌ನನ್ನು ಕರೆದುಕೊಂಡು ಮರ್ಸಿ ತಾನು ಬೆಳೆದ ಮೊಂಟಾನಾದ ಊರಿಗೆ ಹೋಗುವ ಭಾಗ ಬಂದಾಗ ಕಥೆಯ ಗಾಲಿ ಕೆಸರಿಗಿಳಿಯುತ್ತದೆ. ಉತ್ತರ ಅಮೆರಿಕದ ತೋಳಮಾನವರ ಒಡೆಯ ಬ್ರಾನ್, ಅವನ ಮಗ ಸ್ಯಾಮ್ಯುಯೆಲ್, ಹಿಂಡಿನ ಮೇಲುಕೀಳು, ಹಳೆಯ ಪ್ರೇಮ ಎಲ್ಲವನ್ನೂ ಅಲ್ಲಿ ಒಟ್ಟಿಗೆ ಇಳಿಸುತ್ತಾರೆ. ಮುಂದಿನ ಸಂಪುಟಗಳಿಗೆ ಇದು ಬೇಕು, ಈ ಪುಸ್ತಕಕ್ಕೆ ಇಷ್ಟು ಬೇಕಿರಲಿಲ್ಲ. ಅಪಹರಣವಾದ ಹುಡುಗಿಯೊಬ್ಬಳು ಎಲ್ಲೋ ಕೂಡಿಹಾಕಲ್ಪಟ್ಟಿರುವಾಗ ನಾಯಕಿ ಹಳೆಯ ನೆನಪುಗಳ ಕಪಾಟು ತೆರೆದು ಕೂರುವುದು ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ಖಳನ ಸಂಚು ಇದಕ್ಕಿಂತ ದುರ್ಬಲ. ಯಾರು ಮಾಡಿದರು ಎಂಬುದಕ್ಕಿಂತ ಏಕೆ ಮಾಡಿದರು ಎಂಬ ಪ್ರಶ್ನೆಗೆ ಉತ್ತರ ಕೊನೆಯ ಪುಟಗಳಲ್ಲಿ ಗಡಿಬಿಡಿಯ ಮಾತುಕತೆಯಾಗಿ ಬರುತ್ತದೆ. ಓದಿ ಮುಗಿಸಿದ ವಾರಕ್ಕೆ ಸಂಚಿನ ವಿವರ ಮರೆತುಹೋಗುತ್ತದೆ, ಗುಜರಿ ಕಾರು ಮಾತ್ರ ನೆನಪಿರುತ್ತದೆ. ಹೆಂಗಸರ ಕೊರತೆಯೂ ಇದೆ. ಮರ್ಸಿಯ ಸುತ್ತ ಗಂಡಸರದೇ ಸಭೆ. ಅವರಲ್ಲಿ ಬಹುತೇಕರು ಅವಳನ್ನು ಕಾಯಲು ಬಯಸುತ್ತಾರೆ, ಇಬ್ಬರು ವರಿಸಲೂ ಬಯಸುತ್ತಾರೆ. ಮಾತಾಡಲು ಒಬ್ಬ ಗೆಳತಿಯಿದ್ದಿದ್ದರೆ ಅವಳ ವ್ಯಕ್ತಿತ್ವಕ್ಕೆ ಇನ್ನೊಂದು ಮಗ್ಗುಲು ಬರುತ್ತಿತ್ತು. ಅವಳ ಶಕ್ತಿ ತಂದೆಯ ಕಡೆಯ ಮೂಲನಿವಾಸಿ ಪರಂಪರೆಯಿಂದ ಬಂದದ್ದು, ಅದರ ಬಗ್ಗೆ ಈ ಪುಸ್ತಕ ಹೇಳುವುದು ನಾಲ್ಕು ಮಾತು. ಅದಕ್ಕೆ ಮೈ ಬರುವುದು ಆರನೆಯ ಸಂಪುಟದಲ್ಲಿ. ಬಿಳಿಯರ ತೋಳಗಳಿಗೆ ವಂಶಾವಳಿಯೇ ಇದೆ, ಈ ನೆಲದ ಪ್ರಾಣಿಯಾದ ಕಯೋಟಿಗೆ ಇಲ್ಲ ಎಂಬುದು ನನಗೆ ಸಣ್ಣ ಕೊರತೆಯಾಗಿ ಕಾಣಲಿಲ್ಲ.

ಇಷ್ಟಾದರೂ ಪುಸ್ತಕ ತನ್ನ ಕಥೆಯನ್ನು ಮುಗಿಸುತ್ತದೆ. ಅಪಹರಣ ಬಗೆಹರಿಯುತ್ತದೆ, ಪ್ರೇಮ ಮಾತ್ರ ತೆರೆದ ಬಾಗಿಲಾಗಿ ಉಳಿಯುತ್ತದೆ. ಇಂಗ್ಲಿಷ್ ಬಹಳ ಸರಳ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಕಾದಂಬರಿಗೆ ಈಗಷ್ಟೇ ಕೈಹಾಕುತ್ತಿರುವವರು ನಿಘಂಟಿಲ್ಲದೆ ದಾಟಬಹುದು. ಪ್ರೇಮದೃಶ್ಯಗಳು ಮುತ್ತಿನಾಚೆಗೆ ಹೋಗುವುದಿಲ್ಲ. ಮುಖಪುಟದಲ್ಲಿ ತೋಳು ತುಂಬ ಹಚ್ಚೆಯಿರುವ ಹುಡುಗಿಯನ್ನು ನೋಡಿ ಮನೆಯಲ್ಲಿ ಹುಬ್ಬೇರಿಸಿದರೆ, ಕಥೆಯೊಳಗಿನ ಮರ್ಸಿಗೆ ಇರುವುದು ಒಂದೇ ಹಚ್ಚೆ, ಪ್ರಾಣಿಯ ಹೆಜ್ಜೆಗುರುತು ಎಂದು ಹೇಳಬಹುದು. ಆದರೆ ಮೂರನೆಯ ಸಂಪುಟದಲ್ಲಿ ಲೈಂಗಿಕ ಹಿಂಸೆಯಿದೆ. ಮೊದಲನೆಯದು ಇಷ್ಟವಾಯಿತೆಂದು ಪಿಯುಸಿ ಓದುವ ಮಕ್ಕಳಿಗೆ ಒಟ್ಟಿಗೆ ನಾಲ್ಕು ಸಂಪುಟ ತರಿಸಿಕೊಡುವ ಮುನ್ನ ಅದು ತಿಳಿದಿರಲಿ.

ಬಿಟನ್: ಒಬ್ಬಳೇ ಹೆಣ್ಣು ತೋಳ

ಕೆಲ್ಲಿ ಆರ್ಮ್‌ಸ್ಟ್ರಾಂಗ್ ಅವರ 'ಬಿಟನ್' ಇವುಗಳಲ್ಲೆಲ್ಲ ಹಳೆಯದು, 2001ರದು. ಎಲೆನಾ ಮೈಕೆಲ್ಸ್ ಟೊರೊಂಟೊದಲ್ಲಿ ಪತ್ರಕರ್ತೆ. ಏನೂ ತಿಳಿಯದ ಫಿಲಿಪ್ ಎಂಬ ಸಭ್ಯ ಗೆಳೆಯನೊಂದಿಗೆ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ರಾತ್ರಿ ಎದ್ದು, ಅವನನ್ನು ಎಬ್ಬಿಸದೆ, ನಗರದ ನಡುವಿನ ಕಣಿವೆಗಳಿಗೆ ಹೋಗಿ ತೋಳವಾಗಬೇಕು. ಜಗತ್ತಿನಲ್ಲಿ ಇರುವ ಒಬ್ಬಳೇ ತೋಳಮಾನವಿ ಅವಳು. ಈ ಗುಣ ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುತ್ತದೆ, ಕಚ್ಚಿಸಿಕೊಂಡವರು ಸಾಮಾನ್ಯವಾಗಿ ಬದುಕುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿರುವ ಹಿಂಡಿನ ಮನೆಯ ಬಳಿ ಕೊಲೆಯಾದಾಗ ಅವಳಿಗೆ ಕರೆ ಬರುತ್ತದೆ, ಬಿಟ್ಟುಬಂದ ಮನೆಗೆ ಮರಳಬೇಕಾಗುತ್ತದೆ.

ಬೆಲೆಯ ಅಳತೆಗೋಲಿನಲ್ಲಿ ಇದಕ್ಕೆ ನನ್ನ ಪೂರ್ತಿ ಅಂಕ. ರೂಪ ಬದಲಾವಣೆ ಇಲ್ಲಿ ಹಿಂಸೆ. ತಡೆದಷ್ಟೂ ಒತ್ತಡ, ತಡೆಯಲಾಗದ ಹಂತ ತಲುಪಿದರೆ ಎಲ್ಲಿದ್ದರೆ ಅಲ್ಲೇ. ಕಚೇರಿ, ಗೆಳೆಯ, ಅವನ ತಾಯಿಯೊಂದಿಗಿನ ಊಟ ಎಲ್ಲದರ ನಡುವೆ ಈ ಗಡಿಯಾರ ನಡೆಯುತ್ತಲೇ ಇರುತ್ತದೆ. ತವರನ್ನೂ ದ್ವೇಷಿಸಿ, ತವರಿಲ್ಲದೆಯೂ ಬದುಕಲಾಗದ ಹೆಣ್ಣಿನ ಮನಸ್ಸನ್ನು ಈ ಐದರಲ್ಲಿ ಇಷ್ಟು ಆಳವಾಗಿ ಬರೆದ ಪುಸ್ತಕ ಇನ್ನೊಂದಿಲ್ಲ.

ಆದರೆ ನುಂಗಲಾಗದ ಒಂದು ಸಂಗತಿ ಇದರ ನಡುಮನೆಯಲ್ಲೇ ಕುಳಿತಿದೆ. ಎಲೆನಾಳನ್ನು ಕಚ್ಚಿದವನು ಅವಳನ್ನು ಮದುವೆಯಾಗಲಿದ್ದ ಕ್ಲೇ, ಅದೂ ಅವಳ ಒಪ್ಪಿಗೆಯಿಲ್ಲದೆ. ಅವಳ ಇಡೀ ಬದುಕನ್ನು ಕಿತ್ತುಕೊಂಡ ಆ ಕೃತ್ಯವನ್ನು ಪುಸ್ತಕ ಗಂಭೀರವಾಗಿಯೇ ಎತ್ತಿಕೊಳ್ಳುತ್ತದೆ. ಪುಟ ಕಳೆದಂತೆ ಅದನ್ನು ಪ್ರೇಮದ ಹುಚ್ಚುತನ ಎಂದು ಮೆತ್ತಗೆ ಮಾಡಲು ಶುರುಮಾಡುತ್ತದೆ. ಅತ್ತ ಫಿಲಿಪ್ ಒಳ್ಳೆಯವನಾಗಿರುವುದೇ ಅವನ ಅಪರಾಧ ಎಂಬಂತೆ ಬಡಕಲಾಗುತ್ತಾನೆ. ಓದುವ ಹೆಣ್ಣುಮಕ್ಕಳಲ್ಲಿ ಕೆಲವರು ಇಲ್ಲೇ ಪುಸ್ತಕ ಮುಚ್ಚುತ್ತಾರೆ, ಮುಚ್ಚಿದವರನ್ನು ನಾನು ತಪ್ಪೆನ್ನುವುದಿಲ್ಲ. ಆರಂಭವೂ ನಿಧಾನ. ಪ್ರೇಮದೃಶ್ಯಗಳು ಬಿಚ್ಚುಬಿಚ್ಚಾಗಿವೆ, ವಯಸ್ಕರಿಗೆ ಮಾತ್ರ. 2014ರಿಂದ 2016ರವರೆಗೆ ಕೆನಡಾದಲ್ಲಿ ಇದು ಟಿವಿ ಸರಣಿಯಾಗಿಯೂ ಬಂತು.

ಹಿಂಡಿನ ಒಡೆಯ ಎಂಬ ಹಳೆಯ ಮಾತು

ಈ ಪುಸ್ತಕಗಳನ್ನು ಒಟ್ಟಿಗೆ ಓದುವವರಿಗೆ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: ಆಲ್ಫಾ. ಹಿಂಡಿಗೊಬ್ಬ ಬಲಾಢ್ಯ ಗಂಡು, ಅವನ ಮುಂದೆ ಎಲ್ಲರೂ ತಲೆ ತಗ್ಗಿಸಬೇಕು, ಸ್ಥಾನಕ್ಕಾಗಿ ಸದಾ ಕಾದಾಟ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಬಂಧನದಲ್ಲಿದ್ದ ತೋಳಗಳನ್ನು ನೋಡಿ ಬರೆದದ್ದರಿಂದ ಈ ಕಲ್ಪನೆ ಬೇರೂರಿತು, ಡೇವಿಡ್ ಮೆಕ್ ಅವರ 1970ರ ಪುಸ್ತಕದಿಂದ ಹಬ್ಬಿತು. ಅದೇ ಮೆಕ್ 1999ರಲ್ಲಿ, ಕಾಡಿನಲ್ಲಿ ತೋಳದ ಹಿಂಡೆಂದರೆ ಹೆಚ್ಚಾಗಿ ತಂದೆ, ತಾಯಿ ಮತ್ತು ಮರಿಗಳ ಕುಟುಂಬವೇ ಎಂದು ಬರೆದು ತಿದ್ದಿದರು. ಇಲ್ಲಿರುವ ಐದೂ ಕಾದಂಬರಿಗಳು ಆ ತಿದ್ದುಪಡಿಯ ನಂತರದವು. ತೋಳಗಳಿರುವ ಕಡೆಯಲ್ಲೆಲ್ಲ ಕಾದಂಬರಿಕಾರರು ಹಳೆಯ ಚಿತ್ರವನ್ನೇ ಇಟ್ಟುಕೊಂಡದ್ದು ಜಗಳಕ್ಕೆ ಅದು ಅನುಕೂಲ ಎಂದು. ನಮ್ಮ ದಖ್ಖನ್ ಬಯಲಿನ ತೋಳ ಉತ್ತರದ ತೋಳಕ್ಕಿಂತ ಚಿಕ್ಕದು, ಸಣ್ಣ ಗುಂಪಿನಲ್ಲಿ ಬದುಕುವಂಥದು. ಆ ಪ್ರಾಣಿಯನ್ನು ಕಂಡವರು ಈ ಅರಮನೆ ರಾಜಕೀಯವನ್ನು ನಂಬುವುದು ಕಷ್ಟ. ಬ್ರಿಗ್ಸ್‌ಗೂ ಆರ್ಮ್‌ಸ್ಟ್ರಾಂಗ್‌ಗೂ ಈ ಆಕ್ಷೇಪ ಸಮನಾಗಿ ಅನ್ವಯಿಸುತ್ತದೆ. ಆದರೆ ಬ್ರಿಗ್ಸ್‌ನ ನಾಯಕಿ ಹಿಂಡಿನ ಹೊರಗಿದ್ದು ಅದನ್ನು ನೋಡಿ ನಗುತ್ತಾಳೆ, ಆ ನಗೆಯಿಂದ ದೋಷ ಅರ್ಧ ಕಡಿಮೆಯಾಗುತ್ತದೆ.

ಕಿಟ್ಟಿ: ರಾತ್ರಿಯ ರೇಡಿಯೊ

ಕ್ಯಾರಿ ವಾನ್ ಅವರ 'ಕಿಟ್ಟಿ ಅಂಡ್ ದ ಮಿಡ್‌ನೈಟ್ ಅವರ್' (2005) ಕೂಡ ಹಿಂಡಿನ ಕಥೆಯೇ, ಆದರೆ ನಾಯಕಿ ಕಿಟ್ಟಿ ಹಿಂಡಿನಲ್ಲಿ ಕಟ್ಟಕಡೆಯ ಸ್ಥಾನದ ತೋಳಮಾನವಿ. ಡೆನ್ವರ್ ನಗರದ ರೇಡಿಯೊ ಕೇಂದ್ರದಲ್ಲಿ ಮಧ್ಯರಾತ್ರಿಯ ನಿರೂಪಕಿ. ಹಾಡು ಹಾಕುತ್ತ ಹಾಕುತ್ತ ಒಂದು ರಾತ್ರಿ ಮಾತು ರಕ್ತಪಿಶಾಚಿಗಳ ಕಡೆಗೆ ಹೊರಳುತ್ತದೆ, ಫೋನುಗಳು ಬರತೊಡಗುತ್ತವೆ. ಕರೆ ಮಾಡಿದವರಲ್ಲಿ ನಿಜವಾದ ಪಿಶಾಚಿಗಳೂ ಇದ್ದಾರೆ, ತಮ್ಮ ಸಂಸಾರದ ತಾಪತ್ರಯ ಹೇಳಿಕೊಳ್ಳುತ್ತಾರೆ. ಧಾರವಾಡ ಆಕಾಶವಾಣಿ ಕೇಳಿಕೊಂಡು ಬೆಳೆದವರಿಗೆ ಈ ಕಲ್ಪನೆಯೇ ಕಚಗುಳಿ. ಉದ್ಯೋಗವನ್ನೇ ಕಥೆಯ ಯಂತ್ರವನ್ನಾಗಿ ಮಾಡಿದ ಪುಸ್ತಕ ಇದು, ಆ ಮಟ್ಟಿಗೆ 'ಮೂನ್ ಕಾಲ್ಡ್'ಗಿಂತ ಒಂದು ಹೆಜ್ಜೆ ಮುಂದೆ.

ಚಿಕ್ಕದು, ಬೇಗ ಮುಗಿಯುತ್ತದೆ. ಸಣ್ಣಕಥೆಗಳಿಂದ ಬೆಳೆದ ಕಾದಂಬರಿಯಾದ್ದರಿಂದ ಹೊಲಿಗೆ ಅಲ್ಲಲ್ಲಿ ಕಾಣುತ್ತದೆ; ಒಂದು ಪ್ರಸಂಗದಿಂದ ಇನ್ನೊಂದಕ್ಕೆ ನೆಗೆಯುವಾಗ ನಡುವಿನ ಎಳೆ ಸಡಿಲ. ಮುಖಪುಟದ ಹೆಸರು ನೋಡಿ ಇದು ಹಗುರವಾದ ಹಾಸ್ಯ ಎಂದುಕೊಳ್ಳಬಾರದು. ಹಿಂಡಿನ ಯಜಮಾನ ಕಿಟ್ಟಿಯನ್ನು ನಡೆಸಿಕೊಳ್ಳುವ ರೀತಿ ದೌರ್ಜನ್ಯವೇ, ದೈಹಿಕವಾಗಿಯೂ. ವಾನ್ ಅದನ್ನು ಪ್ರೇಮ ಎಂದು ಕರೆಯುವುದಿಲ್ಲ, ಕಿಟ್ಟಿ ತಲೆಯೆತ್ತಲು ಕಲಿಯುವುದೇ ಅವರ ಕಥೆ. 'ಬಿಟನ್' ಮೆತ್ತಗೆ ಮಾಡಿದ ವಿಷಯವನ್ನು ಇದು ಮೆತ್ತಗೆ ಮಾಡುವುದಿಲ್ಲ, ಕೊನೆಯಲ್ಲಿ ತೆರಬೇಕಾದ ಬೆಲೆಯೂ ದೊಡ್ಡದು.

ಮ್ಯಾಜಿಕ್ ಬೈಟ್ಸ್ ಮತ್ತು ಸ್ಕಿನ್‌ವಾಕರ್

ಇಲೋನಾ ಆಂಡ್ರ್ಯೂಸ್ ಎಂಬುದು ಗಂಡಹೆಂಡತಿ ಸೇರಿ ಇಟ್ಟುಕೊಂಡ ಹೆಸರು. ಅವರ 'ಮ್ಯಾಜಿಕ್ ಬೈಟ್ಸ್' (2007) ನಡೆಯುವ ಅಟ್ಲಾಂಟಾದಲ್ಲಿ ಮಾಂತ್ರಿಕ ಶಕ್ತಿ ಅಲೆಯಲೆಯಾಗಿ ಬರುತ್ತದೆ. ಅಲೆ ಎದ್ದಾಗ ಕಾರು, ಬಂದೂಕು, ವಿದ್ಯುತ್ತು ಯಾವುದೂ ನಡೆಯುವುದಿಲ್ಲ. ಇಳಿದಾಗ ಮಂತ್ರ ನಡೆಯುವುದಿಲ್ಲ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ಬರುವ ಹೊತ್ತು ನೋಡಿಕೊಂಡು ಪಂಪ್‌ಸೆಟ್ ಚಾಲೂ ಮಾಡಲು ರಾತ್ರಿ ಎದ್ದು ಹೊಲಕ್ಕೆ ಹೋಗುವ ರೈತನಿಗೆ ಈ ಲೋಕದ ಜನ ತಮ್ಮ ದಿನ ಹೊಂದಿಸಿಕೊಳ್ಳುವ ಬಗೆ ಚೆನ್ನಾಗಿ ಅರ್ಥವಾಗುತ್ತದೆ. ಐದರಲ್ಲಿ ಅತ್ಯಂತ ಹೊಸ ಲೋಕ ಇದು. ಗಗನಚುಂಬಿ ಕಟ್ಟಡಗಳನ್ನು ಮಾಯೆ ಕಡಿದು ಬೀಳಿಸಿದೆ, ರಸ್ತೆಯಲ್ಲಿ ಕುದುರೆಗಳಿವೆ.

ಆದರೆ ರೂಪ ಬದಲಿಸುವವರಿಗಾಗಿಯೇ ಬಂದ ಓದುಗ ಗಮನಿಸಬೇಕಾದ ಸಂಗತಿ: ನಾಯಕಿ ಕೇಟ್ ಡೇನಿಯಲ್ಸ್ ರೂಪ ಬದಲಿಸುವವಳಲ್ಲ, ಕತ್ತಿ ಹಿಡಿದ ಕೂಲಿಯೋಧೆ. ರೂಪ ಬದಲಿಸುವವರು ಕರನ್ ಎಂಬ ಸಿಂಹರೂಪಿಯ ಆಳ್ವಿಕೆಯಲ್ಲಿ ಒಂದು ಪಕ್ಷವಾಗಿ ಬರುತ್ತಾರೆ. ಅವರ ಬದಲಾವಣೆಗೆ ಕಾರಣ ಒಂದು ವೈರಸ್. ಸಂಯಮ ತಪ್ಪಿದವರು ಹುಚ್ಚು ಕೊಲೆಗಡುಕರಾಗುತ್ತಾರೆ, ಆದ್ದರಿಂದ ಶಿಸ್ತು ಅವರಿಗೆ ಜೀವನ್ಮರಣದ ವಿಷಯ. ಒಡೆಯನ ಅಧಿಕಾರಕ್ಕೆ ಇಷ್ಟು ಗಟ್ಟಿಯಾದ ಕಾರಣ ಕೊಟ್ಟವರು ಇವರೊಬ್ಬರೇ. ಬರವಣಿಗೆ ಮಾತ್ರ ಮೊದಲ ಪುಸ್ತಕದ ಮಟ್ಟದ್ದು: ಸಂಸ್ಥೆಗಳ ಹೆಸರು, ಪಿಶಾಚಿಗಳನ್ನು ದೂರದಿಂದ ನಡೆಸುವವರ ವಿವರ ಎಲ್ಲವೂ ಒಮ್ಮೆಲೇ ತಲೆಯ ಮೇಲೆ ಬೀಳುತ್ತವೆ, ಕೇಟ್‌ಳ ಚುರುಕು ಮಾತು ಕೆಲವೊಮ್ಮೆ ಬರೀ ಒರಟುತನ. ಸರಣಿ ಕಾಲೂರುವುದು ಮೂರನೆಯ ಸಂಪುಟದಲ್ಲಿ. ಹತ್ತಕ್ಕೆ ಮುಗಿದಿದೆ, ಅದು ದೊಡ್ಡ ಅನುಕೂಲ.

ಫೇಯ್ತ್ ಹಂಟರ್ ಅವರ 'ಸ್ಕಿನ್‌ವಾಕರ್' (2009) ರೂಪಾಂತರದ ನಿಯಮಗಳನ್ನು ಅತ್ಯಂತ ಎಚ್ಚರದಿಂದ ಕಟ್ಟಿದ ಪುಸ್ತಕ. ಚೆರೋಕೀ ಮೂಲದ ಜೇನ್ ಯೆಲ್ಲೊರಾಕ್ ಬೇರೆ ಪ್ರಾಣಿಯಾಗಬೇಕಾದರೆ ಆ ಪ್ರಾಣಿಯ ಮೂಳೆಯೋ ಹಲ್ಲೋ ಕೈಯಲ್ಲಿರಬೇಕು. ತೂಕ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ, ಉಳಿದವರು ಜಾರಿಸಿಬಿಡುವ ಪ್ರಶ್ನೆಗೂ ಉತ್ತರವಿದೆ: ಚಿಕ್ಕ ಪ್ರಾಣಿಯಾದರೆ ಹೆಚ್ಚಿನ ದ್ರವ್ಯವನ್ನು ಕಲ್ಲಿಗೆ ಒಪ್ಪಿಸಬೇಕು, ದೊಡ್ಡದಾಗಬೇಕಾದರೆ ಕಲ್ಲಿನಿಂದ ಎರವಲು ಪಡೆಯಬೇಕು. ಜೊತೆಗೆ ಅವಳ ಮೈಯೊಳಗೆ ಇನ್ನೊಂದು ಜೀವವಿದೆ, ಬೆಟ್ಟದ ಸಿಂಹವೊಂದರ ಆತ್ಮ. ಅದು ತುಂಡುತುಂಡು ವಾಕ್ಯಗಳಲ್ಲಿ, ತನ್ನದೇ ವ್ಯಾಕರಣದಲ್ಲಿ ಮಾತಾಡುತ್ತದೆ. ಮನುಷ್ಯರ ಸಂಕೋಚಗಳನ್ನು ನೋಡಿ ಅದಕ್ಕೆ ಬೇಸರ. ಪ್ರಾಣಿಯ ಮನಸ್ಸನ್ನು ಪ್ರಾಣಿಯದಾಗಿಯೇ ಬರೆದ ಈ ಭಾಗಗಳು ಪುಸ್ತಕದ ಜೀವ. ಉಳಿದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ ದಾರಿತಪ್ಪಿದ ರಕ್ತಪಿಶಾಚಿಯೊಂದರ ಬೇಟೆ. ಆಯುಧ, ಬಟ್ಟೆ, ಚಹಾದ ವಿವರ ಪುಟಗಟ್ಟಲೆ ಬರುತ್ತದೆ, ಪಿಶಾಚಿಗಳು ಸೇರಿ ರೂಪಾಂತರಿಯ ಕಥೆಯನ್ನೇ ಮೂಲೆಗೆ ತಳ್ಳುತ್ತಾರೆ. ಪ್ರಾಣಿಯ ಮುರುಕು ವಾಕ್ಯಗಳು ಇಂಗ್ಲಿಷ್‌ನಲ್ಲಿ ಇನ್ನೂ ಪಳಗದವರಿಗೆ ತೊಡಕಾಗಬಹುದು.

ಯಾರಿಗೆ ಯಾವುದು

ಈ ಬಗೆಯನ್ನೇ ಓದಿರದವರಿಗೆ, ಒಂದೇ ಪುಸ್ತಕ ಕೊಳ್ಳುವಷ್ಟು ಮನಸ್ಸಿರುವವರಿಗೆ 'ಮೂನ್ ಕಾಲ್ಡ್'. ಸಂಚು ಸಡಿಲವಾದರೂ ಮರ್ಸಿಯ ಬದುಕು ಗಟ್ಟಿ, ನನ್ನ ಅಳತೆಯಲ್ಲಿ ಅದಕ್ಕೇ ಹೆಚ್ಚು ತೂಕ. ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗುತ್ತ, ಬರುತ್ತ ಓದಿ ಮುಗಿಸಲು ಬೇಕಿದ್ದರೆ ಕಿಟ್ಟಿ. ಪತ್ತೇದಾರಿಗಿಂತ ಮನಸ್ಸಿನ ಒಳಜಗಳ ಇಷ್ಟಪಡುವ, ಕ್ಲೇಯನ್ನು ಕ್ಷಮಿಸದೆಯೂ ಓದಬಲ್ಲ ವಯಸ್ಕರಿಗೆ 'ಬಿಟನ್'. ಆಟದ ನಿಯಮಗಳನ್ನು ಬಿಡಿಸಿ ನೋಡುವುದರಲ್ಲೇ ಖುಷಿಪಡುವ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ 'ಸ್ಕಿನ್‌ವಾಕರ್'. 'ಮ್ಯಾಜಿಕ್ ಬೈಟ್ಸ್' ಅನ್ನು ಒಂದೇ ಪುಸ್ತಕವಾಗಿ ನಾನು ಯಾರಿಗೂ ಹೇಳುವುದಿಲ್ಲ; ಮೂರನ್ನು ಓದುವ ಸಂಕಲ್ಪವಿದ್ದರೆ ಅದಕ್ಕಿಂತ ಒಳ್ಳೆಯ ಸರಣಿ ಈ ಪಟ್ಟಿಯಲ್ಲಿಲ್ಲ.

ಸರಣಿಯ ಉಸಾಬರಿಯೇ ಬೇಡ, ನಮ್ಮ ದೇಶದ ನಗರವೇ ಬೇಕು ಎನ್ನುವವರಿಗೆ ಇಂದ್ರಪ್ರಮಿತ್ ದಾಸ್ ಅವರ 'ದ ಡಿವೌರರ್ಸ್' (2015) ಇದೆ. ಕೋಲ್ಕತ್ತದಲ್ಲಿ ಬಾವುಲ್ ಹಾಡುಗಾರರ ನಡುವೆ ಪ್ರಾಧ್ಯಾಪಕನೊಬ್ಬನಿಗೆ ಸಿಗುವ ಅಪರಿಚಿತ ತಾನು ಅರ್ಧ ತೋಳ ಎನ್ನುತ್ತಾನೆ. ಕಥೆ ಮೊಘಲರ ಕಾಲಕ್ಕೆ ಹಿಂದೆ ಸರಿಯುತ್ತದೆ. ಮೇಲಿನ ಐದಕ್ಕಿಂತ ಬರವಣಿಗೆ ಎತ್ತರದ್ದು, ಹಿಂಸೆಯೂ ಹೆಚ್ಚು. ಅತ್ಯಾಚಾರದ ಪ್ರಸಂಗವೂ ಇದೆ. ರಾತ್ರಿ ಊಟದ ನಂತರ ಹಗುರವಾಗಿ ಓದುವ ಪುಸ್ತಕವಲ್ಲ.

ಕೊಳ್ಳುವಾಗ ಒಂದೇ ಎಚ್ಚರ: ರಿಯಾಯಿತಿ ಇದೆಯೆಂದು ಮೊದಲ ಮೂರು ಸಂಪುಟಗಳನ್ನು ಒಟ್ಟಿಗೆ ತರಿಸಬೇಡಿ. ಇ-ಪುಸ್ತಕದ ಅಂಗಡಿಗಳಲ್ಲಿ ಮೊದಲ ಅಧ್ಯಾಯ ಪುಕ್ಕಟೆ ಓದಲು ಸಿಗುತ್ತದೆ. ಗ್ಯಾರೇಜು, ಸ್ಟುಡಿಯೊ, ಕಣಿವೆ ಮೂರೂ ಮೊದಲ ಅಧ್ಯಾಯದಲ್ಲೇ ಬರುತ್ತವೆ, ನಿಮ್ಮ ರುಚಿಗೆ ಒಗ್ಗುತ್ತದೆಯೋ ಇಲ್ಲವೋ ಅಷ್ಟರಲ್ಲೇ ತಿಳಿಯುತ್ತದೆ. 'ಬಿಟನ್' ಮೆಚ್ಚಿದವರಿಗೆ ಎರಡನೆಯ ಸಂಪುಟದಲ್ಲೂ ಎಲೆನಾಳೇ ಸಿಗುತ್ತಾಳೆ. ಮೂರನೆಯದರಲ್ಲಿ ನಿರೂಪಕಿ ಪೇಜ್ ಎಂಬ ಮಾಟಗಾತಿ, ತೋಳಗಳು ಹಿಂದೆ ಸರಿಯುತ್ತವೆ.